ಮೊದಲ ಕಾದಂಬರಿಗೆ ಮೊದಲ ನೂರು ಮಂದಿ



ಈ ಹೊತ್ತು ಒಂದೇ ವಿಷಯ ಹಿಡಿದು ಮಾತಾಡುತ್ತೇನೆ. ಒಬ್ಬರು ಬದುಕಿನಲ್ಲಿ ಮೊದಲ ಸಲ ಒಂದು ಕಾದಂಬರಿ ಬರೆದು ಮುಗಿಸಿದ್ದಾರೆ. ಹಸ್ತಪ್ರತಿ ಪ್ರಕಾಶಕರ ಕೈ ಸೇರಿದೆ. ಕರಡು ತಿದ್ದುವ ಕೆಲಸ ನಡೆದಿದೆ. ಪುಸ್ತಕ ಹೊರಗೆ ಬರಲು ಇನ್ನು ಮೂರು ತಿಂಗಳಿದೆ. ಈ ಮೂರು ತಿಂಗಳು ಬರೆದವರು ಏನು ಮಾಡಬೇಕು? ಸುಮ್ಮನೆ ಕಾಯಬೇಕೆ? ಪುಸ್ತಕದ ವಿಚಾರ ನಾಲ್ಕು ಜನಕ್ಕೆ ಹೇಳಬೇಕೆ? ಹೇಳುವುದಾದರೆ ಯಾರಿಗೆ, ಹೇಗೆ?

ನಾನು ಹಲಸೂರಿನವನು. ಬಹಳ ವರ್ಷ ಪುಸ್ತಕಗಳ ಕರಡು ತಿದ್ದಿಕೊಂಡು ಬಂದವನು. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಕೆ.ಆರ್. ಪುರದ ಒಬ್ಬ ಹೆಣ್ಣುಮಗಳು. ವಯಸ್ಸು ಮೂವತ್ತರ ಆಸುಪಾಸು. ಹಗಲು ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ರಾತ್ರಿ ಬರವಣಿಗೆ. ಹೀಗೆ ಕೆಲವು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದಾಳೆ. ಕತೆ ನಡೆಯುವುದು ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ. ಮೆಟ್ರೊ ಕಾಮಗಾರಿಯ ಕಾಲ. ರಸ್ತೆ ಬದಿಗೆ ಒಂದು ಟೈಲರ್ ಅಂಗಡಿ. ಅಂಗಡಿಯ ಮುಂಭಾಗ ಮೆಟ್ರೊ ಪಾಲಾಗುತ್ತದೆ. ಹಿಂದೆ ಉಳಿದ ಆರಡಿ ಜಾಗದಲ್ಲೇ ಆ ಮನೆಯವರು ಮತ್ತೆ ಮಿಷನ್ ಹಾಕಿ ಕೂರುತ್ತಾರೆ. ಅವಳ ಹೆಸರನ್ನಾಗಲಿ ಪುಸ್ತಕದ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಭಾಷಣಕ್ಕೆಂದು ಕೊಟ್ಟ ಹೊತ್ತಿನಲ್ಲಿ ಒಂದು ಪುಸ್ತಕವನ್ನು ಮಾರಲು ನಿಲ್ಲುವುದು ಸರಿಯಲ್ಲ.

ಅವಳು ಕೇಳಿದ್ದು ಹೀಗೆ. "ಸರ್, ನಾನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಫೇಸ್‌ಬುಕ್‌ನಲ್ಲಿ ಮುಖಪುಟ ಹಾಕಿದರೆ ಮುನ್ನೂರು ಜನ ಅಭಿನಂದನೆ ಅಂತಾರೆ. ಅವರಲ್ಲಿ ಎಷ್ಟು ಜನ ಓದ್ತಾರೆ?"

ಒಳ್ಳೆಯ ಪ್ರಶ್ನೆ. ಅಭಿನಂದನೆ ಹೇಳುವವರು ಬೇರೆ, ಓದುವವರು ಬೇರೆ. ಪುಸ್ತಕ ಬರುವ ಮೊದಲು ಮಾಡಬೇಕಾದ ಪ್ರಚಾರ ನನ್ನ ದೃಷ್ಟಿಯಲ್ಲಿ ಒಂದೇ. ಓದುವ ನೂರು ಮಂದಿಯನ್ನು ಒಬ್ಬೊಬ್ಬರಾಗಿ ಹುಡುಕುವುದು. ಅವರ ಹೆಸರು ಬರೆದುಕೊಳ್ಳುವುದು. ಅವರಿಗೆ ಮೊದಲ ಅಧ್ಯಾಯ ಕೊಡುವುದು. ಈ ಮಾತನ್ನೇ ಈಗ ಬಿಡಿಸಿ ಹೇಳುತ್ತೇನೆ.

ಮೊದಲಿಗೆ ಸಂಕೋಚದ ವಿಚಾರ. ತನ್ನ ಪುಸ್ತಕದ ಬಗ್ಗೆ ತಾನೇ ಹೇಳಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಪುಸ್ತಕ ಚೆನ್ನಾಗಿದ್ದರೆ ಓದುಗರು ತಾವಾಗಿಯೇ ಬರುತ್ತಾರೆ ಎನ್ನುತ್ತೇವೆ. ಆದರೆ ಕನ್ನಡ ಕಾದಂಬರಿಯ ಚರಿತ್ರೆ ಬೇರೆಯೇ ಹೇಳುತ್ತದೆ. ಕಾದಂಬರಿ ಪಿತಾಮಹ ಎಂದು ನಾವು ಕರೆಯುವ ಗಳಗನಾಥರನ್ನು ನೆನೆಯಿರಿ. ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ಹಾವೇರಿ ಸೀಮೆಯವರು, ಶಾಲಾ ಮಾಸ್ತರರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಕನ್ನಡ ಪುಸ್ತಕದಂಗಡಿ ಎನ್ನುವುದೇ ಅಪರೂಪ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು. ಮನೆ ಮನೆಯ ಬಾಗಿಲಿಗೆ ಹೋದರು. ಓದಿ ಎಂದು ಕೇಳಿಕೊಂಡರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಹಿಂದೆ ಇದ್ದವರೂ ಅವರೇ. ಪತ್ರಿಕೆ ತರಿಸುವ ಮನೆಗಳು ಅವರಿಗೆ ಗೊತ್ತಿದ್ದವು. ಹೊಸ ಕಾದಂಬರಿ ಬಂದರೆ ಯಾವ ಊರಿನಲ್ಲಿ ಯಾರು ಓದುತ್ತಾರೆ ಎಂಬುದು ಅವರಿಗೆ ಬಾಯಿಪಾಠ.

ಆ ಹಿರಿಯರು ಗಂಟು ಹೊತ್ತದ್ದನ್ನು ನಾವು ಸಭೆಗಳಲ್ಲಿ ತ್ಯಾಗ ಎಂದು ಹೊಗಳುತ್ತೇವೆ. ತ್ಯಾಗ ನಿಜ. ಅದರಲ್ಲಿ ಇನ್ನೊಂದು ಗುಣವೂ ಇತ್ತು. ಓದುಗರ ಮುಖ ಬಲ್ಲ ಲೇಖಕರು ಅವರು. ತಮ್ಮ ವಾಕ್ಯ ಯಾರ ಜಗಲಿಯ ಮೇಲೆ ಓದಿಸಿಕೊಳ್ಳುತ್ತದೆ ಎಂಬ ಅರಿವಿನಿಂದಲೇ ಅವರು ಬರೆದರು.

ಬರೆದವರು ತಮ್ಮ ಪುಸ್ತಕ ಹೊತ್ತು ಓದುಗರ ಬಳಿಗೆ ಹೋಗುವುದು ಕನ್ನಡಕ್ಕೆ ಹೊಸದಲ್ಲ. ಇಷ್ಟಾಯಿತು. ಆದರೆ ಗಳಗನಾಥರು ಹೊತ್ತದ್ದು ಅಚ್ಚಾದ ಪುಸ್ತಕವನ್ನು. ನಮ್ಮ ಪ್ರಶ್ನೆ ಅಚ್ಚಾಗುವ ಮೊದಲಿನದು. ಇನ್ನೂ ಕಣ್ಣಿಗೆ ಬೀಳದ ಪುಸ್ತಕಕ್ಕೆ ಓದುಗರು ಸಿದ್ಧರಾಗಿ ಕೂತಿರುವುದು ಸಾಧ್ಯವೆ?

ಸಾಧ್ಯ. ಧಾರವಾಡದಲ್ಲಿ ಅದು ನಡೆದಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ನಾಟಕ ಓದುವವರಿಗೆ ಅವರು ಜಡಭರತ ಎಂದು ಪರಿಚಿತರು. ಅವರ ಉಪಾಯ ಸರಳ. ಓದುಗರು ವರ್ಷದ ಚಂದಾ ಮೊದಲೇ ಕೊಡಬೇಕು. ವರ್ಷದಲ್ಲಿ ಬರುವ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಯಾರ ಪುಸ್ತಕ ಬರುತ್ತದೆ, ಅದು ಹೇಗಿರುತ್ತದೆ ಎಂಬುದು ದುಡ್ಡು ಕೊಡುವಾಗ ಓದುಗರಿಗೆ ಪೂರ್ತಿ ಗೊತ್ತಿರುವುದಿಲ್ಲ. ಮಾಲೆಯ ಮೇಲೆ ನಂಬಿಕೆ, ಅಷ್ಟೇ.

ಈಗ ಯೋಚಿಸಿ ಕೇಳುಗರೇ. ಇಂಥ ವ್ಯವಸ್ಥೆಯಿಂದ ಯಾರಿಗೆ ಹೆಚ್ಚು ಲಾಭ? ಹೆಸರಾದ ಲೇಖಕರಿಗೆ ಅದು ಬೇಕಿಲ್ಲ. ಅವರ ಪುಸ್ತಕ ಹೇಗೂ ಹೋಗುತ್ತದೆ. ಲಾಭ ಆಗುವುದು ಮೊದಲ ಪುಸ್ತಕ ಬರೆದವರಿಗೆ. ಶಾಂತಿನಾಥ ದೇಸಾಯಿಯವರ ಮೊದಲ ಕಾದಂಬರಿ 'ಮುಕ್ತಿ' 1961ರಲ್ಲಿ ಈ ಮಾಲೆಯಲ್ಲಿ ಬಂತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' ಕೂಡ ಅದೇ ವರ್ಷ ಇಲ್ಲಿಂದಲೇ ಬಂತು. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ' ಇಲ್ಲಿಯೇ ಬಂತು. ಅನಂತಮೂರ್ತಿ ಅದನ್ನು ಬರೆದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದರು. ಊರಿನಲ್ಲಿ ಓಡಾಡಿ ಪುಸ್ತಕದ ವಿಚಾರ ಹೇಳುವ ಸ್ಥಿತಿಯಲ್ಲೇ ಇರಲಿಲ್ಲ. ಆದರೂ ಪುಸ್ತಕ ಹೊರಬಿದ್ದ ದಿನವೇ ಅದಕ್ಕೆ ಓದುಗರಿದ್ದರು. ಅವರ ಹೆಸರು, ವಿಳಾಸ ಧಾರವಾಡದ ಸುಭಾಸ ರಸ್ತೆಯಲ್ಲಿ ಮಾಲೆಯ ಕಚೇರಿಯಿದ್ದ ಅಟ್ಟದ ಮೇಲಿನ ವಹಿಯಲ್ಲಿ ಮೊದಲೇ ಬರೆದಾಗಿತ್ತು. ಅಷ್ಟೊಂದು ವಾದವಿವಾದ ಎಬ್ಬಿಸಿದ ಕಾದಂಬರಿ ಅದು. ಓದಿ ಸಿಟ್ಟಾಗಲು ಕೂಡ ಮೊದಲು ಓದುಗರು ಬೇಕಲ್ಲ.

ಧಾರವಾಡದಿಂದ ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೆ ಬರೋಣ. ಇಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ 'ಪ್ರಜಾವಾಣಿ' ಕಚೇರಿ ಇದೆ. ಪತ್ರಿಕೆ ಶುರುವಾದದ್ದು 1948ರಲ್ಲಿ. ಅದೇ ಬಳಗದ 'ಸುಧಾ' ವಾರಪತ್ರಿಕೆ 1965ರಲ್ಲಿ ಬಂತು. ವಾರಪತ್ರಿಕೆಯ ಧಾರಾವಾಹಿ ಏನು ಮಾಡುತ್ತಿತ್ತು ಎಂಬುದನ್ನು ಐವತ್ತು ದಾಟಿದ ಕೇಳುಗರಿಗೆ ನಾನು ಹೇಳಬೇಕಿಲ್ಲ. ಮನೆಗೆ ಪತ್ರಿಕೆ ಬಂದರೆ ಮೊದಲು ಯಾರು ಓದಬೇಕು ಎಂದು ಜಗಳ. ಕಂತು ಮುಗಿದರೆ ಮುಂದಿನ ವಾರದ ತನಕ ಊಹೆ. ಓದಿದ ಪುಟಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು, ಮನೆಯಲ್ಲೇ ಪುಸ್ತಕ ಮಾಡಿಟ್ಟುಕೊಂಡವರು ಎಷ್ಟು ಜನ! ಆ ಕಾದಂಬರಿ ಅಂಗಡಿಗೆ ಪುಸ್ತಕವಾಗಿ ಬರುವ ಹೊತ್ತಿಗೆ ಅದರ ಪಾತ್ರಗಳು ಸಾವಿರಾರು ಮನೆಗಳಲ್ಲಿ ಹೆಸರು ಹಿಡಿದು ಕರೆಯುವಷ್ಟು ಪರಿಚಿತ. ಹೊಸಬರ ಹೆಸರು ಕೂಡ ಹೀಗೆಯೇ ಮನೆಮಾತಾಗುತ್ತಿತ್ತು.

ಹೊರದೇಶದಲ್ಲೂ ಹೀಗೇ. ಚಾರ್ಲ್ಸ್ ಡಿಕನ್ಸ್‌ನ ಮೊದಲ ಕಾದಂಬರಿ 'ಪಿಕ್‌ವಿಕ್ ಪೇಪರ್ಸ್' 1836ರಲ್ಲಿ ತಿಂಗಳಿಗೊಂದು ಕಂತಾಗಿ ಬರತೊಡಗಿತು. ಆರಂಭದಲ್ಲಿ ಅಚ್ಚಾದದ್ದು ಹೆಚ್ಚೆಂದರೆ ಸಾವಿರ ಪ್ರತಿ. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಮಾತುಗಾರ ಆಳು ಕಾಣಿಸಿಕೊಂಡ. ಜನ ಅವನ ಮಾತನ್ನು ಬಾಯಿಂದ ಬಾಯಿಗೆ ಹಬ್ಬಿಸಿದರು. ಕೊನೆಯ ಹೊತ್ತಿಗೆ ತಿಂಗಳಿಗೆ ಸುಮಾರು 40 ಸಾವಿರ ಪ್ರತಿ. ಬರೆದವನು ಡಿಕನ್ಸ್. ಆದರೆ ಅವನ ಕತೆಯನ್ನು ಊರಿಗೆಲ್ಲ ಹಂಚಿದ್ದು ಮೊದಲ ಸಾವಿರ ಮಂದಿ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಗಳಗನಾಥರಿಗೆ ಓದುಗರ ಮನೆಗಳು ಗೊತ್ತಿದ್ದವು. ಮನೋಹರ ಗ್ರಂಥಮಾಲೆಗೆ ಓದುಗರ ವಹಿ ಇತ್ತು. ವಾರಪತ್ರಿಕೆಗೆ ಕಾಯುವ ಓದುಗರಿದ್ದರು. ಮೂರು ಕಡೆಯೂ ಪುಸ್ತಕಕ್ಕಿಂತ ಮೊದಲೇ ಓದುಗರಿದ್ದರು.

ಈಗ ನೀವು ಒಂದು ಮಾತು ಕೇಳಬಹುದು. ಎಸ್.ಎಲ್. ಭೈರಪ್ಪನವರ 'ಆವರಣ' 2007ರಲ್ಲಿ ಬಿಡುಗಡೆಗೆ ಮೊದಲೇ ಖಾಲಿಯಾಯಿತಲ್ಲ, ಅವರೇನು ಮನೆ ಮನೆ ತಿರುಗಿದರೆ? ಇಲ್ಲ. ಆದರೆ ಅವರ ಮೊದಲ ಕಾದಂಬರಿ 'ಭೀಮಕಾಯ' ಬಂದದ್ದು 1958ರಲ್ಲಿ. ನಡುವೆ ಸುಮಾರು ಐವತ್ತು ವರ್ಷ. ಅಷ್ಟು ವರ್ಷ ಒಂದೊಂದು ಕಾದಂಬರಿಯೂ ಮುಂದಿನದಕ್ಕೆ ಓದುಗರನ್ನು ಕೂಡಿಸಿಕೊಡುತ್ತ ಬಂತು. ಮೊದಲ ಕಾದಂಬರಿ ಬರೆದವರ ಹಿಂದೆ ಅಂಥ ಬೆಂಬಲ ಇರುವುದಿಲ್ಲ. ಹೆಸರಾದವರನ್ನು ನೋಡಿ ಅವರಂತೆಯೇ ಪ್ರಕಟಣೆ ಹೊರಡಿಸಿ, ಮುಖಪುಟ ತೋರಿಸಿ, ಜನ ಬರಲಿಲ್ಲ ಎಂದು ಕೊರಗುವ ಹೊಸಬರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು ಮೊದಲ ಮೆಟ್ಟಿಲನ್ನು ಬಿಟ್ಟು ಹತ್ತನೆಯದಕ್ಕೆ ಕಾಲಿಟ್ಟಿರುತ್ತಾರೆ.

ಮೊದಲ ಪುಸ್ತಕಕ್ಕೆ ಆಸರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಸುಧೇಂದ್ರ ಅವರ ಛಂದ ಪುಸ್ತಕ ಹೊಸ ಕತೆಗಾರರ ಮೊದಲ ಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾನೇ ಪ್ರಕಟಿಸುತ್ತದೆ. ಇಂಥ ನೆರವಿಗೆ ತಪ್ಪದೆ ಅರ್ಜಿ ಹಾಕಿ. ಆದರೆ ನೆರವು ಪುಸ್ತಕವನ್ನು ಅಚ್ಚಿನ ಮನೆಯಿಂದ ಹೊರಗೆ ತರುತ್ತದೆ, ಅಷ್ಟೇ. ಅದನ್ನು ಒಂದು ಮನೆಯೊಳಗೆ ಸೇರಿಸುವ ಕೆಲಸ ಉಳಿದೇ ಇರುತ್ತದೆ.

ಹಾಗಾದರೆ ನಮ್ಮ ಪೂರ್ವ ಬೆಂಗಳೂರಿನಲ್ಲಿ ಆ ನೂರು ಮಂದಿ ಎಲ್ಲಿದ್ದಾರೆ? ಇದು ಇಂದಿನ ಮಾತಿನ ತಿರುಳು. ಸ್ವಲ್ಪ ಹೊತ್ತು ಇಲ್ಲಿಯೇ ನಿಲ್ಲುತ್ತೇನೆ.

ಬಸವನಗುಡಿ, ಮಲ್ಲೇಶ್ವರ, ಜಯನಗರಗಳಲ್ಲಿ ಕನ್ನಡದ ಓದುಗರು ಒಂದೇ ಕಡೆ ಸಿಗುತ್ತಾರೆ. ಸಭೆ ಇಟ್ಟರೆ ಬರುತ್ತಾರೆ. ನಮ್ಮ ಕಡೆ ಹಾಗಿಲ್ಲ. ಇದು 1809ರಲ್ಲಿ ಇಂಗ್ಲಿಷರ ಸೈನ್ಯಕ್ಕಾಗಿ ಹುಟ್ಟಿದ ದಂಡು. ಪೇಟೆಯ ಆಡಳಿತ ಮತ್ತು ದಂಡಿನ ಆಡಳಿತ ಒಂದಾದದ್ದು 1949ರಲ್ಲಿ. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಅಲ್ಲಲ್ಲಿ ತೆಲುಗು, ಮಲಯಾಳ, ಎಲ್ಲದರ ನಡುವೆ ಕನ್ನಡ. ಕನ್ನಡದ ಓದುಗರು ಇಲ್ಲಿ ಚದುರಿದ್ದಾರೆ. ಇಲ್ಲವೇ ಇಲ್ಲ ಎಂದುಕೊಂಡವರು ಹುಡುಕಿ ನೋಡಿಲ್ಲ.

ಕೆ.ಆರ್. ಪುರದ ಬಳಿ ದೂರವಾಣಿನಗರ ಇದೆ. ಐಟಿಐ ಕಾರ್ಖಾನೆ ಹುಟ್ಟಿದ್ದು 1948ರಲ್ಲಿ. ಅದರ ಈಚೆ ಬದಿಗೆ ಎಚ್‌ಎಎಲ್, ಅದು 1940ರದ್ದು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇತ್ತು. ಅದು ಬಾಗಿಲು ಹಾಕಿ ಇಪ್ಪತ್ತು ವರ್ಷ ದಾಟಿತು. ಈ ಕಾರ್ಖಾನೆಗಳಿಗೆ ನಾಡಿನ ಎಲ್ಲ ಜಿಲ್ಲೆಗಳಿಂದ ಜನ ಬಂದರು. ಕನ್ನಡ ಸಂಘಗಳನ್ನು ಕಟ್ಟಿದರು. ರಾಜ್ಯೋತ್ಸವ ಮಾಡಿದರು. ನಾಟಕ ಆಡಿದರು. ಸಾಹಿತಿಗಳನ್ನು ಕರೆಸಿ ಕೂರಿಸಿ ಕೇಳಿದರು. ಆ ಜನ ಈಗ ನಿವೃತ್ತರು. ಮನೆಯಲ್ಲಿದ್ದಾರೆ. ಸಮಯವಿದೆ, ಓದುವ ಅಭ್ಯಾಸವಿದೆ. ಹೊಸ ಪುಸ್ತಕ ಯಾವುದು ಬಂತು ಎಂದು ಅವರಿಗೆ ಹೇಳುವವರಿಲ್ಲ. ಒಬ್ಬ ನಿವೃತ್ತ ಫೋರ್‌ಮನ್ ಮನೆಗೆ ಹೋಗಿ ಮೊದಲ ಅಧ್ಯಾಯ ಕೊಟ್ಟು ನೋಡಿ. ಮಾರನೆಯ ದಿನವೇ ಅವರು ತಮ್ಮ ಹಳೆಯ ಸಹೋದ್ಯೋಗಿಗಳಿಗೆ ಫೋನು ಹಚ್ಚುತ್ತಾರೆ.

ಇನ್ನೊಂದು ಬಗೆಯ ಓದುಗರಿದ್ದಾರೆ. ಮನೆಯಲ್ಲಿ ಬೇರೆ ಭಾಷೆ, ಶಾಲೆಯಲ್ಲಿ ಕನ್ನಡ ಓದಿದವರು. ಇವರನ್ನು ನಮ್ಮ ಪ್ರಕಾಶಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಬಹಳ ಬೇಸರ ತರುವ ಸಂಗತಿ ಇದು. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಉರ್ದು ಆಡುವ ಮನೆಯಿಂದ ಬಂದು ಕನ್ನಡದಲ್ಲಿ ಕತೆ ಬರೆದವರು. ಬರೆಯುವವರು ಹಾಗೆ ಬರಬಹುದಾದರೆ ಓದುವವರು ಬರಲಾರರೆ? ಶಿವಾಜಿನಗರದ ಗಲ್ಲಿಗಳಲ್ಲಿ, ಹಲಸೂರಿನ ಸಂದಿಗಳಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಎಷ್ಟೋ ಜನರಿದ್ದಾರೆ. ಅವರಿಗೆ ಯಾರೂ ಒಂದು ಕನ್ನಡ ಕಾದಂಬರಿಯನ್ನು ಕೈಯಲ್ಲಿಟ್ಟು ಇದು ನಿಮ್ಮ ಬೀದಿಯ ಕತೆ ಎಂದು ಹೇಳಿಲ್ಲ.

ಮೂರನೆಯವರು ಹೊಸದಾಗಿ ಬಂದವರು. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೆ ಒಂದೇ ಸಮನೆ ಓಡುತ್ತಿದೆ. ಅದರಲ್ಲಿ ದಿನವೂ ಕಲಬುರಗಿ, ಶಿರಸಿ, ಚಿತ್ರದುರ್ಗದ ಹುಡುಗ ಹುಡುಗಿಯರು ಕೆಲಸಕ್ಕೆ ಹೋಗುತ್ತಾರೆ. ಅವರ ಅಪಾರ್ಟ್‌ಮೆಂಟ್‌ಗಳಲ್ಲಿ ನವೆಂಬರ್ ಬಂದರೆ ಕನ್ನಡ ಬಳಗಗಳು ಚುರುಕಾಗುತ್ತವೆ. ಆರ್ಕೆಸ್ಟ್ರಾ ನಡುವೆ ಅರ್ಧ ಗಂಟೆ ಒಬ್ಬ ಹೊಸ ಕಾದಂಬರಿಕಾರ್ತಿಗೆ ಕೊಡಿ ಎಂದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ದೊಮ್ಮಲೂರು, ಇಂದಿರಾನಗರ, ಚರ್ಚ್ ಸ್ಟ್ರೀಟ್ ಕಡೆ ಸಾಹಿತ್ಯಕ್ಕೆ ಜಾಗ ಕೊಡುವ ಸಭಾಂಗಣಗಳೂ ಪುಸ್ತಕದಂಗಡಿಗಳೂ ಇವೆ. ಅಲ್ಲಿ ಇಂಗ್ಲಿಷಿನ ಹೊಸ ಕಾದಂಬರಿಗೆ ಸಂವಾದ ಏರ್ಪಡುತ್ತದೆ. ಕನ್ನಡದ ಹೊಸಬರೂ ಹೋಗಿ ಕೇಳಬೇಕು.

ಕಾರ್ಖಾನೆಯ ನಿವೃತ್ತರು, ಮನೆಮಾತು ಬೇರೆಯಾದ ಕನ್ನಡ ಓದುಗರು, ಮೆಟ್ರೊದಲ್ಲಿ ಓಡಾಡುವ ಹೊಸ ತಲೆಮಾರು. ನೂರು ಮಂದಿ ಇವರಲ್ಲೇ ಇದ್ದಾರೆ. ಅವರ ಮುಂದೆ ಪುಸ್ತಕವನ್ನು ಹೇಗಿಡುವುದು? ಕೆ.ಆರ್. ಪುರದ ಹೆಣ್ಣುಮಗಳು ಮಾಡಿದ್ದನ್ನು ಹೇಳಿದರೆ ತಿಳಿದೀತು.

ಅವಳ ಮೊದಲ ಓದು ನಡೆದದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯ ಒಂದು ಮನೆಯ ಮಹಡಿ ಮೇಲೆ. ಭಾನುವಾರ ಮಧ್ಯಾಹ್ನ. ಉದ್ದನೆಯ ಕಿರಿದಾದ ಕೋಣೆ. ಒಂದು ಫ್ಯಾನು. ಗೋಡೆಗೆ ಒರಗಿ ಹದಿನೈದು ಹದಿನಾರು ಜನ. ಮೈಕಿಲ್ಲ, ಹಾರವಿಲ್ಲ, ಅಧ್ಯಕ್ಷರಿಲ್ಲ. ಅವಳು ನೆಲದ ಮೇಲೆ ಕೂತು ಮೊದಲ ಅಧ್ಯಾಯ ಓದಿದಳು. ಸುಮಾರು ಇಪ್ಪತ್ತು ನಿಮಿಷ. ಆರಂಭದಲ್ಲಿ ದನಿ ನಡುಗುತ್ತಿತ್ತು. ಟೈಲರ್ ಅಂಗಡಿಯ ಶಟರ್ ಏಳುವ ಭಾಗಕ್ಕೆ ಬಂದಾಗ ದನಿ ಗಟ್ಟಿಯಾಯಿತು.

ಓದು ಮುಗಿಯಿತು. ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಕೇಳಿದರು. "ಕತೆ ಯಾವ ವರ್ಷದ್ದಮ್ಮ?"

"2009ರ ಮಳೆಗಾಲ, ಸರ್."

"ಹಾಗಾದ್ರೆ ನಿನ್ನ ಕತೆಯ ಹುಡುಗಿ ಹಲಸೂರಲ್ಲಿ ಮೆಟ್ರೊ ಹತ್ತೋದು ಹೇಗೆ? ಆಗಿನ್ನೂ ಕಂಬ ಎಬ್ಬಿಸ್ತಿದ್ರು. ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ. ಮೊದಲ ದಿನವೇ ನಾನು ಮೊಮ್ಮಗನ್ನ ಕರ್ಕೊಂಡು ಹೋಗಿದ್ದೆ."

ಅವಳು ಪೆನ್ಸಿಲ್ ತೆಗೆದು ಬರೆದುಕೊಂಡಳು. ಪುಸ್ತಕ ಅಚ್ಚಾದ ಮೇಲೆ ಯಾರೋ ವಿಮರ್ಶಕರು ಎತ್ತಿ ತೋರಿಸಬೇಕಾಗಿದ್ದ ತಪ್ಪು ಕರಡಿನಲ್ಲೇ ಸರಿಹೋಯಿತು.

ಆಮೇಲೆ ಮಾತಾಡಿದವರು ಶಿವಾಜಿನಗರದಿಂದ ಬಂದಿದ್ದ ಒಬ್ಬ ತಾಯಿ. ಮನೆಯಲ್ಲಿ ಉರ್ದು ಮಾತು. ತಾವೇ ಹೊಲಿಗೆ ಮಾಡುವವರು. ಅವರು ಮೊದಲು ಒಂದಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ಅಂಗಡಿ ಮುಂದುಗಡೆ ಒಡೆದಾಗ ನಮಗೆ ಮಿಷನ್ ಚಿಂತೆ ಇರಲ್ಲ ಮಗಳೇ. ಮಿಷನ್ ಎಲ್ಲಾದ್ರೂ ಇಡಬಹುದು. ಹೊಲಿಯೋಕೆ ಕೊಟ್ಟ ಬಟ್ಟೆ ರಾಶಿ ಬಿದ್ದಿರುತ್ತೆ. ಕೊಟ್ಟವರು ವಾಪಸ್ ಬರಲ್ಲ. ಅಂಗಡಿ ಮುಚ್ಚಿಹೋಯ್ತು ಅಂದ್ಕೊಂಡಿರ್ತಾರೆ. ಬೇರೆಯವರ ಬಟ್ಟೆ, ಬಿಸಾಡೋಕಾಗಲ್ಲ. ಹೊಲಿದ ಕೂಲಿನೂ ಬರಲ್ಲ. ಅದನ್ನ ಬರಿ."

ಕೋಣೆಯಲ್ಲಿದ್ದ ಎಲ್ಲರಿಗೂ ಆ ಮಾತು ತಟ್ಟಿತು. ಕಾದಂಬರಿಯ ಎರಡನೆಯ ಅಧ್ಯಾಯಕ್ಕೆ ಆ ಬಟ್ಟೆಯ ರಾಶಿ ಬಂದು ಸೇರಿತು. ನಾನು ಕರಡು ನೋಡಿದ್ದೇನೆ. ಈಗ ಆ ಅಧ್ಯಾಯವೇ ಪುಸ್ತಕದ ಜೀವ. ಆ ತಾಯಿ ಹೋಗುವಾಗ ಮೊದಲ ಅಧ್ಯಾಯದ ಪ್ರತಿಗಳನ್ನು ಇನ್ನಷ್ಟು ಕೇಳಿ ತೆಗೆದುಕೊಂಡು ಹೋದರು. ತಮ್ಮ ಬೀದಿಯ ಹೊಲಿಗೆಯವರಿಗೆ ಕೊಡಲು. ಅವರಲ್ಲಿ ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ತಾವೇ ಓದಿ ಹೇಳುತ್ತಾರಂತೆ.

ಕೇಳುಗರೇ, ಇಲ್ಲಿ ಆದದ್ದು ಏನು ಎಂದು ಗಮನಿಸಿ. ಪ್ರಚಾರಕ್ಕೆಂದು ಮಾಡಿದ ಓದು ಪುಸ್ತಕವನ್ನೇ ತಿದ್ದಿತು. ತಿದ್ದಿದವರು ಅದನ್ನು ತಮ್ಮ ಪುಸ್ತಕ ಎಂದುಕೊಂಡರು. ಕಾಯುವ ಮೂರು ತಿಂಗಳು ಹೀಗೆ ಬಳಕೆಯಾದರೆ ಅದು ಬ್ಯಾನರಿನಿಂದಾಗಲಿ, ಅಭಿನಂದನೆಯ ಸಾಲುಗಳಿಂದಾಗಲಿ ಆಗದ ಕೆಲಸ. ಅದಕ್ಕೇ ನನ್ನ ಒತ್ತಾಯ. ಕೊನೆಯ ಕರಡು ಮುದ್ರಣಕ್ಕೆ ಹೋಗುವ ಮೊದಲೇ ಓದು ನಡೆಯಲಿ. ಅಚ್ಚಾದ ಮೇಲೆ ನಡೆದರೆ ಓದುಗರು ಹೇಳಿದ್ದಕ್ಕೆ ತಲೆಯಾಡಿಸುವುದಷ್ಟೇ ಉಳಿಯುತ್ತದೆ.

ಈಗ ಕೆಲಸದ ಮಾತು. ಓದುಗರು ಎಲ್ಲಿದ್ದಾರೆ ಎಂದು ನೋಡಿದೆವು. ಅವರ ಮುಂದೆ ಓದುವುದು ಹೇಗೆ ಎಂದು ನೋಡಿದೆವು. ಓದಿದ ಮೇಲೆ ಅವರನ್ನು ಉಳಿಸಿಕೊಳ್ಳುವುದು ಹೇಗೆ?

ಮೊದಲ ಅಧ್ಯಾಯವನ್ನು ಬೇರೆಯಾಗಿ ಅಚ್ಚು ಹಾಕಿಸಿ. ಒಂದು ಫಾರಂ ಸಾಕು, ಅಂದರೆ 16 ಪುಟ. ಹೊದಿಕೆ ಬೇಡ, ನಡುವೆ ಎರಡು ಪಿನ್ನು ಹೊಡೆದರಾಯಿತು. ಕತೆಯ ಸಾರಾಂಶ ಬರೆಯಬೇಡಿ. ಸಾರಾಂಶ ಓದಿದವರು ಪುಸ್ತಕ ಓದಿದಷ್ಟೇ ತೃಪ್ತರಾಗಿ ಕೂರುತ್ತಾರೆ. ಊರಾಚೆ ಇರುವವರಿಗೆ ವಾಟ್ಸಾಪ್‌ನಲ್ಲಿ ಮೂರು ನಿಮಿಷ ನಿಮ್ಮ ದನಿಯಲ್ಲೇ ಓದಿ ಕಳಿಸಿ. ನೂರು ಜನರ ಗುಂಪಿಗೆ ಒಟ್ಟಾಗಿ ಬೇಡ. ಒಬ್ಬೊಬ್ಬರಿಗೆ, ಹೆಸರು ಹಿಡಿದು, ನಿಮಗೆ ಏಕೆ ಕಳಿಸುತ್ತಿದ್ದೇನೆ ಎಂದು ಒಂದು ಮಾತು ಸೇರಿಸಿ ಕಳಿಸಿ. ಬೇಸರದ ಕೆಲಸ ಇದು. ಮಾಡಿದವರಿಗೆ ಫಲ ಸಿಗುತ್ತದೆ.

ಒಂದು ನೋಟ್‌ಬುಕ್ ಇಡಿ. ಹೆಸರು, ಫೋನು, ಊರು. ಜೊತೆಗೆ ಅವರು ಹೇಳಿದ ಒಂದು ಮಾತು. ಧಾರವಾಡದ ಅಟ್ಟದ ಮೇಲಿದ್ದ ವಹಿಯ ಕೆಲಸವನ್ನೇ ಇದೂ ಮಾಡುತ್ತದೆ.

ಮುಂಗಡದ ಹಣ ತೆಗೆದುಕೊಳ್ಳಬಹುದೆ? ತೆಗೆದುಕೊಳ್ಳಬಹುದು. ಪ್ರಕಟಣಪೂರ್ವ ರಿಯಾಯಿತಿ ಎಂಬುದು ನಮ್ಮಲ್ಲಿ ಹಳೆಯ ಪದ್ಧತಿ. ಒಂದು ಲೆಕ್ಕ ಹೇಳುತ್ತೇನೆ. ಪುಸ್ತಕದ ಬೆಲೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಮುಂಗಡ ಕೊಟ್ಟವರಿಗೆ 200. ನೂರು ಮಂದಿ ಎಂದರೆ 20 ಸಾವಿರ. ಮುದ್ರಣದ ಖರ್ಚಿನಲ್ಲಿ ಒಂದು ಒಳ್ಳೆಯ ಪಾಲು ಕೈಗೆ ಬಂತು. ಅಂಗಡಿಗೆ ಕೊಡುವ ಕಮಿಷನ್ನೂ ಈ ನೂರು ಪ್ರತಿಗಳ ಮಟ್ಟಿಗೆ ಉಳಿಯಿತು. ಆದರೆ ಹಣ ತೆಗೆದುಕೊಂಡ ಮೇಲೆ ಹೇಳಿದ ತಿಂಗಳಿಗೆ ಪುಸ್ತಕ ತಲುಪಿಸಲೇಬೇಕು. ತಡವಾಗುವ ಹಾಗಿದ್ದರೆ ಅವರು ಕೇಳುವ ಮೊದಲೇ ಫೋನು ಮಾಡಿ ಹೇಳಬೇಕು. ಮುಂಗಡ ಪಡೆದು ವರ್ಷಗಟ್ಟಲೆ ಪುಸ್ತಕ ಕೊಡದವರಿಂದ ನೊಂದ ಓದುಗರು ಕನ್ನಡದಲ್ಲಿ ಇದ್ದಾರೆ. ಅವರು ಮುಂದಿನ ಹೊಸಬರನ್ನೂ ನಂಬುವುದಿಲ್ಲ. ತಪ್ಪು ಒಬ್ಬರದು, ಪೆಟ್ಟು ಇನ್ನೊಬ್ಬರಿಗೆ. ಪ್ರಕಾಶಕರ ಒಪ್ಪಿಗೆ ಇಲ್ಲದೆ, ಅಚ್ಚಿನ ದಿನಾಂಕ ಖಚಿತವಾಗದೆ, ಯಾರಿಂದಲೂ ಒಂದು ರೂಪಾಯಿ ಕೂಡ ತೆಗೆದುಕೊಳ್ಳಬೇಡಿ.

ಬೆನ್ನುಡಿಯ ವಿಚಾರಕ್ಕೆ ಹೆಚ್ಚು ಹೊತ್ತು ಬೇಡ. ದೊಡ್ಡ ಹೆಸರಿನ ನಾಲ್ಕು ಸಾಲಿಗಾಗಿ ಆರು ತಿಂಗಳು ಪುಸ್ತಕವನ್ನು ತಡೆಹಿಡಿದವರನ್ನು ಬಲ್ಲೆ. ನಿಜವಾಗಿ ಓದಿದ ಒಬ್ಬರು ಬರೆದರೆ ಸಾಕು. ಗ್ರಂಥಾಲಯದ ಸಗಟು ಖರೀದಿ ಪುಸ್ತಕ ಬಂದ ಮೇಲಿನ ಮಾತು. ಅದನ್ನು ನೆಚ್ಚಿ ಓದುಗರನ್ನು ಹುಡುಕದೆ ಕೂತರೆ ಪುಸ್ತಕ ಗೋದಾಮಿನಿಂದ ಕಪಾಟಿಗೆ ಹೋಗುತ್ತದೆ, ಕೈಗೆ ಹೋಗುವುದಿಲ್ಲ.

ಕೊನೆಯದಾಗಿ ಬಿಡುಗಡೆ. ಮೂರು ತಿಂಗಳ ಕೆಲಸವೆಲ್ಲ ಬಂದು ಸೇರುವುದು ಇಲ್ಲಿಗೆ. ಸಮಾರಂಭ ಮಾಡಿ, ಸಂತೋಷ. ಆದರೆ ಹೆಸರು ಬರೆಸಿದ ನೂರು ಮಂದಿಗೆ ಸಮಾರಂಭಕ್ಕೆ ಒಂದು ವಾರ ಮೊದಲೇ ಪುಸ್ತಕ ತಲುಪಿಸಿ. ಅವರು ಓದಿ ಬರಲಿ. ವೇದಿಕೆಯ ಮೇಲೆ ಮಾತಾಡುವವರಲ್ಲಿ ಇಬ್ಬರಾದರೂ ಅವರಲ್ಲಿಯವರೇ ಇರಲಿ. ಅತಿಥಿಗಳ ಭಾಷಣಕ್ಕೆ ಹತ್ತು ನಿಮಿಷ, ಕಾದಂಬರಿಯ ಓದಿಗೆ ಇಪ್ಪತ್ತು ನಿಮಿಷ ಇಡಿ. ಈಗ ಎಲ್ಲೆಡೆ ಇದು ತಿರುವುಮುರುವಾಗಿದೆ. ಓದಿ ಬಂದವರು ಸಭೆಯಲ್ಲಿ ಕೂತಿದ್ದರೆ ಓದದೆ ಬಂದವರು ಹೊರಗಿನ ಮೇಜಿನ ಬಳಿಗೆ ತಾವಾಗಿ ಹೋಗುತ್ತಾರೆ.

ನಾನು ಹೇಳುತ್ತ ಬಂದ ಹೆಣ್ಣುಮಗಳ ನೋಟ್‌ಬುಕ್ಕಿನಲ್ಲಿ ಈಗ ಎಪ್ಪತ್ತು ದಾಟಿ ಹೆಸರುಗಳಿವೆ. ಹಲಸೂರಿನ ನಂತರ ದೂರವಾಣಿನಗರದಲ್ಲಿ ಒಂದು ಓದು ಆಯಿತು. ಸಿ.ಎಂ.ಎಚ್. ರಸ್ತೆಯಲ್ಲಿ, ಕತೆ ನಡೆಯುವ ಜಾಗದಲ್ಲೇ, ಒಂದು ಓದು ಇಡಬೇಕು ಎಂಬುದು ಅವಳ ಆಸೆ. ಅಲ್ಲಿಯ ಹಳೆಯ ಅಂಗಡಿಯವರು ಬಂದು ಕೇಳಬೇಕು. ಮೆಟ್ರೊ ಬರುವಾಗ ತಕರಾರು ಮಾಡಿ ಬೀದಿಗಿಳಿದವರು, ಅಂಗಡಿ ಬಿಟ್ಟುಕೊಟ್ಟು ಬೇರೆ ಕಡೆ ಹೋದವರು, ಇವತ್ತಿಗೂ ಅಲ್ಲೇ ಉಳಿದವರು, ಎಲ್ಲರೂ. ಜಾಗ ಇನ್ನೂ ಸಿಕ್ಕಿಲ್ಲ.

ಹಾಗಾಗಿ ಈ ಭಾಗದ ಕೇಳುಗರಲ್ಲಿ ಒಂದು ಕೋರಿಕೆ ಇಟ್ಟು ಮಾತು ಮುಗಿಸುತ್ತೇನೆ. ಇವಳೊಬ್ಬಳಿಗಾಗಿ ಕೇಳುತ್ತಿಲ್ಲ. ನಿಮ್ಮ ಬಡಾವಣೆಯಲ್ಲೂ ಮೊದಲ ಕಾದಂಬರಿ ಬರೆದು ಕೈಯಲ್ಲಿ ಹಿಡಿದು ನಿಂತವರು ಒಬ್ಬರಾದರೂ ಇರುತ್ತಾರೆ. ನಿಮ್ಮ ಸಂಘದ ಕೋಣೆ, ಮನೆಯ ಮಹಡಿ, ಅಂಗಡಿಯ ಹಿಂಭಾಗ, ಅಪಾರ್ಟ್‌ಮೆಂಟಿನ ಹಾಲ್, ಯಾವುದಾದರೂ ಸರಿ. ಭಾನುವಾರ ಎರಡು ಗಂಟೆ ಹೊತ್ತು ಕೊಡಿ. ಹದಿನೈದು ಜನ ಕೂರುವ ಜಾಗ, ಒಂದು ಫ್ಯಾನು, ಕುಡಿಯಲು ನೀರು. ನೀವೂ ಕೂತು ಮೊದಲ ಅಧ್ಯಾಯ ಕೇಳಿ. ಚೆನ್ನಾಗಿಲ್ಲದಿದ್ದರೆ ಎಲ್ಲಿ ಚೆನ್ನಾಗಿಲ್ಲ ಎಂದು ಹೇಳಿ. ಮುಂದೆ ಓದಬೇಕು ಅನ್ನಿಸಿದರೆ ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬರೆಯಿರಿ.